ಮುದ್ರೆ ಬೀಳುವ ಮೊದಲು



ನನ್ನ ನೌಕರಿಯ ವರ್ಷಗಳೆಲ್ಲ ಈ ಕರಾವಳಿಯ ಕಾಲೇಜು ಗ್ರಂಥಾಲಯಗಳಲ್ಲೇ ಕಳೆದವು. ಪುಸ್ತಕ ತರಿಸುವುದು, ಸಂಖ್ಯೆ ಕೊಡುವುದು, ಕಪಾಟಿಗೆ ಏರಿಸುವುದು, ಮಳೆಗಾಲದಲ್ಲಿ ಬೂಷ್ಟು ಒರೆಸುವುದು, ಕಳೆದುಹೋದದ್ದಕ್ಕೆ ಲೆಕ್ಕ ಕೊಡುವುದು ನನ್ನ ಕೆಲಸವಾಗಿತ್ತು. ಅಂಥವನನ್ನು ದತ್ತಿ ಉಪನ್ಯಾಸಕ್ಕೆ ಕರೆದು, ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದಿರಿ. ನನಗೆ ಗೊತ್ತಿರುವ ಒಂದೇ ವಿಷಯವನ್ನು ಆರಿಸಿಕೊಂಡಿದ್ದೇನೆ: ಒಂದು ಪುಸ್ತಕ ಕಾಲೇಜು ಗ್ರಂಥಾಲಯದ ಒಳಗೆ ಯಾವ ದಾರಿಯಿಂದ ಬರುತ್ತದೆ, ಆ ದಾರಿ ಆನ್‌ಲೈನ್ ಅಂಗಡಿಯ ಕಡೆಗೆ ತಿರುಗಿದಾಗ ಏನಾಗುತ್ತದೆ.

ದತ್ತಿ ಎಂದಾಗ ನನಗೆ ಎಸ್. ಆರ್. ರಂಗನಾಥನ್ ನೆನಪಾಗುತ್ತಾರೆ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಪಾಯ ಹಾಕಿದ ಈ ಮನುಷ್ಯ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದ ತರುಣ ಎಂಬುದು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ತಿಳಿಯೆ. 1924ರಲ್ಲಿ ಅವರು ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಹೇಳುವ ಅವರ ಪುಸ್ತಕ ಹೊರಬಂತು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದ ಅವರು 1961ರಲ್ಲಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆಂದೇ ದತ್ತಿಯೊಂದನ್ನು ಇಟ್ಟರು. ಪುಸ್ತಕ ಇರುವುದು ಬಳಕೆಗೆ ಎಂಬುದು ಅವರ ಮೊದಲ ಸೂತ್ರ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುವು ಮುಂದಿನ ಎರಡು. ಅಗ್ಗದಲ್ಲಿ ಕೊಳ್ಳಬೇಕು ಎಂಬ ಸೂತ್ರ ಆ ಐದರಲ್ಲಿ ಇಲ್ಲ. ಇಡೀ ಜೀವನ ಗ್ರಂಥಾಲಯದ ಖರ್ಚುವೆಚ್ಚ ನೋಡಿದ ಮನುಷ್ಯ ಅದನ್ನು ಮರೆತು ಬಿಟ್ಟಿರಲಾರರು.

ಈಗ ನಾನೇ ಅನುಭವಿಸಿದ ಒಂದು ಸಂಗತಿ. ಊರು, ಕಾಲೇಜು, ಅಂಗಡಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ಅದು ಎಲ್ಲಿ ಬೇಕಾದರೂ ಆಗಬಹುದಾಗಿದ್ದದ್ದು.

ಸೆಮಿಸ್ಟರ್ ಶುರುವಾಗಿ ಮೂರು ವಾರ ಕಳೆದಿತ್ತು. ಪಠ್ಯಕ್ರಮ ಬದಲಾಗಿತ್ತು. ಅರ್ಥಶಾಸ್ತ್ರ ವಿಭಾಗದ ಅಧ್ಯಾಪಕರೊಬ್ಬರು ಸಂಖ್ಯಾಶಾಸ್ತ್ರದ ಪುಸ್ತಕವೊಂದರ ಐದು ಪ್ರತಿ ಬೇಕೇ ಬೇಕು ಎಂದು ಇಂಡೆಂಟ್ ಕೊಟ್ಟರು. ನಮಗೆ ಪುಸ್ತಕ ಒದಗಿಸುತ್ತಿದ್ದವರಿಗೆ ಫೋನು ಮಾಡಿದರೆ, ದೆಹಲಿಯಿಂದ ಬರಬೇಕು, ಆರು ವಾರ ಹಿಡಿಯುತ್ತದೆ ಎಂದರು. ಆನ್‌ಲೈನ್ ಅಂಗಡಿಯಲ್ಲಿ ನೋಡಿದರೆ ನಾಲ್ಕು ದಿನ, ಮೇಲಾಗಿ ಮುದ್ರಿತ ಬೆಲೆಗಿಂತ ಕಾಲು ಭಾಗ ಕಡಿಮೆ. ಕಾಲೇಜಿನ ಖಾತೆಗೆ ಕಾರ್ಡು ಇರಲಿಲ್ಲ. ಚೆಕ್ಕನ್ನು ಅಂಗಡಿ ಒಪ್ಪುತ್ತಿರಲಿಲ್ಲ. ಪ್ರಾಂಶುಪಾಲರ ಬಾಯಿಮಾತಿನ ಒಪ್ಪಿಗೆ ಪಡೆದು ನನ್ನ ಸ್ವಂತ ಕಾರ್ಡಿನಿಂದ ಹಣ ಕಟ್ಟಿದೆ.

ಹೇಳಿದ ದಿನಕ್ಕೇ ಪುಸ್ತಕ ಬಂತು. ಆಷಾಢದ ಜಡಿಮಳೆಯಲ್ಲಿ ಹುಡುಗನೊಬ್ಬ ಬೈಕಿನ ಮೇಲೆ ಟಾರ್ಪಾಲು ಹೊದೆಸಿದ ಚೀಲದಿಂದ ಒಂದಲ್ಲ, ಮೂರು ಪೊಟ್ಟಣ ತೆಗೆದುಕೊಟ್ಟ. ಬಿಚ್ಚಿ ನೋಡಿದರೆ ಒಂದೇ ಅಂಗಡಿಯ ಹೆಸರಿನ ಹಿಂದೆ ಮೂವರು ಮಾರಾಟಗಾರರು. ಎರಡು ಪ್ರತಿ ಒಬ್ಬರಿಂದ, ಎರಡು ಇನ್ನೊಬ್ಬರಿಂದ, ಒಂದು ಮತ್ತೊಬ್ಬರಿಂದ. ಮೂರು ಬಿಲ್ಲು, ಮೂರು ಬೆಲೆ. ಮೂರೂ ಬಿಲ್ಲುಗಳಲ್ಲಿ ಕಾಲೇಜಿನ ಹೆಸರಿಲ್ಲ, ನನ್ನ ಹೆಸರು ಇತ್ತು. ಮಕ್ಕಳು ಕಾಯುತ್ತಿದ್ದರು. ಅಂದೇ ಬಂದ ಪುಸ್ತಕಗಳನ್ನು ನಮೂದಿಸುವ ಪರಿಗ್ರಹಣ ದಾಖಲೆಯಲ್ಲಿ ಬರೆದು, ಶೀರ್ಷಿಕೆ ಪುಟಕ್ಕೂ ಗುರುತಿಗೆಂದು ನಾವು ಗೊತ್ತು ಮಾಡಿಕೊಂಡ ಗುಪ್ತಪುಟಕ್ಕೂ ಮುದ್ರೆ ಒತ್ತಿ ಹೊರಗೆ ಕೊಟ್ಟೆವು.

ಎರಡು ತಿಂಗಳ ಮೇಲೆ ಒಬ್ಬ ವಿದ್ಯಾರ್ಥಿನಿ ಐದನೆಯ ಪ್ರತಿಯನ್ನು ಕೌಂಟರಿಗೆ ತಂದಳು. 161ರಿಂದ 176ರವರೆಗಿನ ಪುಟಗಳು ಎರಡೆರಡು ಸಲ ಇದ್ದವು. ಮುಂದಿನ ಹದಿನಾರು ಪುಟ ಇರಲೇ ಇಲ್ಲ. ಒಂದು ಫಾರ್ಮು ಎರಡು ಸಲ ಹೊಲಿಗೆಯಾಗಿತ್ತು. ಕಾಗದ ತೆಳು, ಸೂತ್ರಗಳಲ್ಲಿ ಮೇಲೆ ಕೂರುವ ಚಿಕ್ಕ ಅಂಕಿಗಳು ಕಲೆಸಿ ಹೋಗಿದ್ದವು. ಉಳಿದ ನಾಲ್ಕರ ಪಕ್ಕದಲ್ಲಿಟ್ಟು ನೋಡಿದ ಮೇಲೆ ಸಂಶಯ ಉಳಿಯಲಿಲ್ಲ, ಅದು ನಕಲಿ ಪ್ರತಿ. ವಾಪಸು ಮಾಡುವ ಅವಧಿ ಮುಗಿದು ಎಷ್ಟೋ ದಿನವಾಗಿತ್ತು. ಮುಗಿಯದಿದ್ದರೂ ಪ್ರಯೋಜನವಿರಲಿಲ್ಲ. ಮುದ್ರೆ ಬಿದ್ದ ಪುಸ್ತಕವನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕೆಂದು ಕೇಳುವುದು ನ್ಯಾಯವೂ ಅಲ್ಲ.

ಆಮೇಲೆ ಆಡಿಟ್ ಬಂತು. ಒಂದೇ ಪುಸ್ತಕ, ಒಂದೇ ದಿನ, ಮೂರು ಬೆಲೆ, ಏಕೆ? ಬಿಲ್ಲು ವ್ಯಕ್ತಿಯ ಹೆಸರಿನಲ್ಲಿ, ಏಕೆ? ಸರಕು ಕೈಸೇರುವ ಮೊದಲೇ ಹಣ ಸಂದಾಯ, ಏಕೆ? ಮೂರೂ ಸರಿಯಾದ ಪ್ರಶ್ನೆಗಳು. ನನ್ನ ಹಣ ನನಗೆ ಬಂದದ್ದು ಏಳು ತಿಂಗಳ ಮೇಲೆ. ಅದರ ನೋವು ನನಗಿಲ್ಲ. ಆ ವಿದ್ಯಾರ್ಥಿನಿ ಪರೀಕ್ಷೆಯ ಹಿಂದಿನ ವಾರ ಇಲ್ಲದ ಹದಿನಾರು ಪುಟಗಳನ್ನು ಗೆಳತಿಯ ಪ್ರತಿಯಿಂದ ಕೈಯಲ್ಲಿ ಬರೆದುಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದನ್ನು ಇವತ್ತಿಗೂ ಮರೆತಿಲ್ಲ.

ಇದನ್ನು ಕೇಳಿ, ಈತ ಆನ್‌ಲೈನ್ ಖರೀದಿಯ ವಿರೋಧಿ ಎಂದು ತೀರ್ಮಾನ ಮಾಡಬೇಡಿ. ಹಳೆಯ ಪದ್ಧತಿಯನ್ನು ಹಾಡಿ ಹೊಗಳಲು ನಾನು ಬಂದಿಲ್ಲ. ಆದರೆ ಆ ಪದ್ಧತಿ ಏನಾಗಿತ್ತು ಎಂಬುದನ್ನು ಈಗಿನವರು ತಿಳಿದಿರಬೇಕು.

ಉಜಿರೆಯಲ್ಲಿ ಪದವಿ ಕಾಲೇಜು ಆರಂಭವಾದದ್ದು 1966ರಲ್ಲಿ. ಅದಕ್ಕೂ ಮೊದಲೇ, 1940ರಲ್ಲಿ, ಇಲ್ಲಿ ಸಿದ್ಧವನ ಗುರುಕುಲ ಹುಟ್ಟಿತ್ತು. ಅತ್ತ ಚಾರ್ಮಾಡಿ ಘಾಟಿ, ಇತ್ತ ಅರವತ್ತು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ಮಂಗಳೂರು. ಇಂಥ ಕಡೆ ಇರುವ ಗ್ರಂಥಾಲಯಕ್ಕೆ ಪುಸ್ತಕ ಬರುತ್ತಿದ್ದದ್ದು ಎರಡು ಬಗೆಯಲ್ಲಿ. ಧಾರವಾಡ, ಮೈಸೂರು, ಬೆಂಗಳೂರಿನ ಪ್ರಕಾಶಕರಿಂದ ವಿ.ಪಿ.ಪಿ.ಯಲ್ಲಿ ಬರುತ್ತಿತ್ತು, ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ಇನ್ನೊಂದು, ಮಂಗಳೂರಿನ ಪುಸ್ತಕ ವ್ಯಾಪಾರಿಯ ವ್ಯಾನಿನಲ್ಲಿ. ಈ ಎರಡನೆಯದಕ್ಕೆ ನಮ್ಮ ಭಾಷೆಯಲ್ಲಿ ‘ಅಪ್ರೂವಲ್ ಮೇಲೆ ತರುವುದು’ ಎಂದು ಹೆಸರು. ವ್ಯಾಪಾರಿ ನಾಲ್ಕಾರು ಪೆಟ್ಟಿಗೆ ಪುಸ್ತಕ ತಂದು ಗ್ರಂಥಾಲಯದ ದೊಡ್ಡ ಮೇಜಿನ ಮೇಲೆ ಜೋಡಿಸಿ ಹೋಗುತ್ತಿದ್ದರು. ಹದಿನೈದು ದಿನ ಅಲ್ಲೇ ಇರುತ್ತಿದ್ದವು. ಪಾಠ ಮುಗಿಸಿ ಬಂದ ಅಧ್ಯಾಪಕರು ನಿಂತಲ್ಲೇ ತಿರುವಿ ಹಾಕುತ್ತಿದ್ದರು. ಪರಿವಿಡಿ ನೋಡುವವರು ಕೆಲವರು, ಕೊನೆಯ ಸೂಚಿ ನೋಡುವವರು ಕೆಲವರು. ರಸಾಯನಶಾಸ್ತ್ರದವರು ಇತಿಹಾಸದ ಪುಸ್ತಕ ಎತ್ತಿಕೊಂಡು, ಇದು ನಮ್ಮಲ್ಲಿ ಇರಲಿ ಎನ್ನುತ್ತಿದ್ದರು. ಬೇಕಾದದ್ದರಲ್ಲಿ ಹೆಸರು ಬರೆದ ಚೀಟಿ ಸಿಕ್ಕಿಸುತ್ತಿದ್ದರು. ಚೀಟಿ ಇಲ್ಲದ್ದು ವ್ಯಾನಿನಲ್ಲಿ ಹಿಂದಿರುಗುತ್ತಿತ್ತು. ಮುದ್ರೆ, ಸಂಖ್ಯೆ, ಬಿಲ್ಲು ಎಲ್ಲ ಆಮೇಲೆ.

ಪುಸ್ತಕವನ್ನು ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ, ಬೇಡವಾದರೆ ಬೇಡ ಎನ್ನುವ ಆ ಹದಿನೈದು ದಿನಗಳ ಖರ್ಚನ್ನು ವ್ಯಾಪಾರಿ ಹೊರುತ್ತಿದ್ದರು. ಇಂಧನ, ಕೂಲಿ, ಸಿಲುಕಿಕೊಂಡ ಬಂಡವಾಳ ಎಲ್ಲವೂ ಅವರದು. ಮುದ್ರಿತ ಬೆಲೆಯ ಮೇಲೆ ಗ್ರಂಥಾಲಯಕ್ಕೆ ಶೇ. 10ರಷ್ಟು ರಿಯಾಯಿತಿ ಎಂಬುದು ಬಹುಕಾಲ ನಡೆದುಬಂದ ವಾಡಿಕೆ. ವಿದೇಶಿ ಪುಸ್ತಕವಾದರೆ ಪೌಂಡು, ಡಾಲರಿನ ಪರಿವರ್ತನೆಯ ದರವನ್ನು ಪುಸ್ತಕ ವ್ಯಾಪಾರದವರ ‘ಗುಡ್ ಆಫೀಸಸ್ ಕಮಿಟಿ’ ಪ್ರಕಟಿಸುತ್ತಿತ್ತು. ಗ್ರಂಥಪಾಲರು ಆ ಹಾಳೆಯನ್ನು ಬಿಲ್ಲಿನ ಪಕ್ಕ ಇಟ್ಟು ತಾಳೆ ನೋಡುತ್ತಿದ್ದರು. ಶೇ. 25 ರಿಯಾಯಿತಿ ಕೊಡುವ ಅಂಗಡಿಗೂ ಶೇ. 10 ಕೊಡುವ ಅಂಗಡಿಗೂ ಇರುವ ವ್ಯತ್ಯಾಸದಲ್ಲಿ ಈ ಹದಿನೈದು ದಿನಗಳೂ ಸೇರಿವೆ ಎಂಬುದನ್ನು ನಮ್ಮ ಲೆಕ್ಕಪತ್ರ ಎಂದೂ ತೋರಿಸುವುದಿಲ್ಲ.

ಮಂಗಳೂರಿನ ಪುಸ್ತಕ ವ್ಯಾಪಾರ ಎಂದ ಮೇಲೆ ಅತ್ರಿ ಬುಕ್ ಸೆಂಟರಿನ ಹೆಸರು ಹೇಳದೆ ಮುಂದೆ ಹೋಗಲಾರೆ. ಜಿ. ಎನ್. ಅಶೋಕವರ್ಧನರು 1975ರಲ್ಲಿ ತೆರೆದ ಅಂಗಡಿ ಅದು. 2012ರಲ್ಲಿ ಅವರೇ ಅದನ್ನು ಮುಚ್ಚಿದರು. ಪುಸ್ತಕೋದ್ಯಮದ ಒಳಹೊರಗನ್ನು ಅಂಗಡಿಯವನ ಕಣ್ಣಿನಿಂದ ಬರೆದ ‘ಪುಸ್ತಕ ಮಾರಾಟ ಹೋರಾಟ’ವನ್ನು ನಾನು ಗ್ರಂಥಾಲಯ ವಿಜ್ಞಾನ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಹೇಳುತ್ತೇನೆ, ನಮ್ಮ ಪಠ್ಯದಲ್ಲಿ ಇಲ್ಲದ ಅಧ್ಯಾಯ ಅದು ಎಂದು.

ಇನ್ನು ಹಳೆಯ ಪದ್ಧತಿಯ ಕೊಳಕು. ಶೇ. 40, ಶೇ. 50 ರಿಯಾಯಿತಿಯ ಪಟ್ಟಿ ಹಿಡಿದು ಮಾರ್ಚ್ ತಿಂಗಳಲ್ಲಿ ಬಾಗಿಲಿಗೆ ಬರುವ ಏಜೆಂಟರು ಪ್ರತಿ ಕಾಲೇಜಿಗೂ ಗೊತ್ತು. ಗ್ರಂಥಾಲಯಕ್ಕೆಂದೇ ಅಚ್ಚು ಹಾಕಿದ, ಬೆಲೆಯನ್ನು ಮೊದಲೇ ಎರಡರಷ್ಟು ಏರಿಸಿಟ್ಟ, ಯಾರೂ ಓದದ ದಪ್ಪ ದಪ್ಪ ಸಂಪುಟಗಳು. ವರ್ಷಾಂತ್ಯಕ್ಕೆ ಅನುದಾನ ಮುಗಿಸಬೇಕು, ಪುಸ್ತಕದ ಸಂಖ್ಯೆ ಏರಬೇಕು, ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬಂದಾಗ ಅಂಕಿ ಕಾಣಬೇಕು. ಹೀಗೆ ಕೊಂಡ ಪುಸ್ತಕಗಳ ಹಿಂಬದಿಯ ದಿನಾಂಕದ ಚೀಟಿ ಇಪ್ಪತ್ತು ವರ್ಷದ ಮೇಲೂ ಖಾಲಿ ಇರುವುದನ್ನು ನಾನು ನೋಡಿದ್ದೇನೆ. ಅದು ಸಾರ್ವಜನಿಕ ಹಣದ ಪೋಲು. ಅದನ್ನು ಮಾಡಿದ್ದು ಯಾವ ಆನ್‌ಲೈನ್ ಅಂಗಡಿಯೂ ಅಲ್ಲ.

ಆನ್‌ಲೈನ್ ಅಂಗಡಿ ಬಂದ ಮೇಲೆ ಈ ಕತ್ತಲೆಗೆ ಸ್ವಲ್ಪ ಬೆಳಕು ಬಿತ್ತು. ಯಾವ ಪುಸ್ತಕಕ್ಕೆ ನಿಜವಾಗಿ ಎಷ್ಟು ಬೆಲೆ ಎಂಬುದು ಎಲ್ಲರಿಗೂ ಕಾಣುವಂತಾಯಿತು. ಒಂದೇ ಒಂದು ಪ್ರತಿ ಬೇಕಾದಾಗ ವ್ಯಾಪಾರಿಗಳಿಗೆ ಅದು ಲಾಭದ ಮಾತಾಗಿರಲಿಲ್ಲ, ಮುಂದೂಡುತ್ತಿದ್ದರು. ಈಗ ಒಂದು ಪ್ರತಿಯೂ ಬರುತ್ತದೆ. ಮುದ್ರಣ ನಿಂತುಹೋದ ಪುಸ್ತಕದ ಹಳೆಯ ಪ್ರತಿ ಎಲ್ಲೋ ಕೊಲ್ಕತ್ತೆಯ ಮೂಲೆಯಲ್ಲಿರುವುದು ಉಜಿರೆಯಿಂದಲೇ ಕಾಣುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ದೊಡ್ಡ ವರ. 2007ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದು ಪುಸ್ತಕ ಮಾರಾಟದಿಂದಲೇ. ಅವರಿಗೆ ಬಂದ ಮೊದಲ ಬೇಡಿಕೆ ಆಗ ಆಂಧ್ರದಲ್ಲಿದ್ದ ಮಹಬೂಬ್‌ನಗರದ ಓದುಗರೊಬ್ಬರದು. ಕೇಳಿದ್ದು ಜಾನ್ ವುಡ್ ಬರೆದ, ಮೈಕ್ರೋಸಾಫ್ಟ್ ನೌಕರಿ ಬಿಟ್ಟು ನೇಪಾಳದ ಹಳ್ಳಿ ಶಾಲೆಗಳಿಗೆ ಗ್ರಂಥಾಲಯ ಕಟ್ಟಲು ಹೊರಟ ಕಥೆಯ ಪುಸ್ತಕ. ದೊಡ್ಡ ಪಟ್ಟಣದ ಹೊರಗಿನ ಓದುಗನೊಬ್ಬ ತನಗೆ ಬೇಕಾದ ಪುಸ್ತಕವನ್ನು ಕೇಳಿ ಪಡೆದ ಘಳಿಗೆ ಅದು. ರಂಗನಾಥನ್ ಇದ್ದಿದ್ದರೆ ಸಂತೋಷ ಪಡುತ್ತಿದ್ದರು. 2013ರ ಜೂನಿನಲ್ಲಿ ಅಮೆಜಾನಿನ ಭಾರತದ ತಾಣ ತೆರೆದಾಗಲೂ ಮೊದಲಿಗೆ ಮಾರಾಟಕ್ಕಿಟ್ಟದ್ದು ಪುಸ್ತಕ ಮತ್ತು ಸಿನಿಮಾ.

ಆದರೆ ಆ ಅಂಗಡಿಗಳನ್ನು ಕಟ್ಟಿದ್ದು ಒಬ್ಬ ಗಿರಾಕಿ ಒಂದು ಪುಸ್ತಕ ಕೊಳ್ಳುವುದಕ್ಕೆ. ಗ್ರಂಥಾಲಯ ಕೊಳ್ಳುವ ರೀತಿ ಬೇರೆ. ನಮ್ಮಲ್ಲಿ ಮೊದಲು ಇಂಡೆಂಟ್, ಅದು ಈಗಾಗಲೇ ಇದೆಯೇ ಎಂದು ಗ್ರಂಥಾಲಯ ತಂತ್ರಾಂಶಗಳಾದ ಕೋಹಾದಲ್ಲೋ ಇ-ಗ್ರಂಥಾಲಯದಲ್ಲೋ ತಪಾಸಣೆ, ಗ್ರಂಥಾಲಯ ಸಮಿತಿಯ ಒಪ್ಪಿಗೆ, ಆದೇಶ, ಸ್ವೀಕಾರ, ಪರಿಶೀಲನೆ, ಬಿಲ್ಲಿನ ಹಿಂದೆ ಪರಿಗ್ರಹಣ ಸಂಖ್ಯೆ ಬರೆದು ಸಹಿ, ಕೊನೆಗೆ ಹಣ. ಸಮಿತಿ ಒಪ್ಪುವಷ್ಟರಲ್ಲಿ ಪರದೆಯ ಮೇಲಿನ ಬೆಲೆ ಮೂರು ಸಲ ಬದಲಾಗಿರುತ್ತದೆ. ಹಣ ಮೊದಲು ಕಟ್ಟಬೇಕು. ವಾಪಸು ಮಾಡಲು ವಾರವೋ ಹತ್ತು ದಿನವೋ ಅಷ್ಟೆ. ಎರಡೂ ಕ್ರಮಗಳು ತಮ್ಮ ತಮ್ಮ ಜಾಗದಲ್ಲಿ ಸರಿ; ಒಂದನ್ನು ಇನ್ನೊಂದರೊಳಗೆ ತುರುಕಿದರೆ ನನ್ನ ಐದು ಪ್ರತಿಗಳ ಕಥೆಯಾಗುತ್ತದೆ.

ಕನಿಷ್ಠ ಬೆಲೆಯವರಿಂದಲೇ ಕೊಳ್ಳಬೇಕು, ಇಲ್ಲದಿದ್ದರೆ ಆಡಿಟ್ ಬಿಡುವುದಿಲ್ಲ ಎಂಬ ಭಯ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಕೇಂದ್ರ ಹಣಕಾಸು ಸಚಿವಾಲಯ 1980ರ ದಶಕದಲ್ಲೇ ಈ ವಿಷಯದಲ್ಲಿ ಸ್ಪಷ್ಟ ಸೂಚನೆ ಕೊಟ್ಟಿತ್ತು. ಗ್ರಂಥಾಲಯದ ಪುಸ್ತಕ ಇತರ ಸಾಮಗ್ರಿಗಳಂತಲ್ಲ, ಹೆಸರುವಾಸಿ ವ್ಯಾಪಾರಿಗಳಿಂದ ಚಾಲ್ತಿಯ ಷರತ್ತುಗಳ ಮೇಲೆ ಕೊಳ್ಳಬಹುದು, ಟೆಂಡರ್ ಕರೆಯಬೇಕಿಲ್ಲ ಎಂಬುದು ಅದರ ಸಾರ. 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೆಯ ನಿಯಮವನ್ನು ನೋಡಿ: ಓದಲು ಕೊಟ್ಟ ಸಾವಿರ ಸಂಪುಟಕ್ಕೆ ವರ್ಷಕ್ಕೆ ಐದು ಕಳೆದುಹೋದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಅದು ಸಹಜ ನಷ್ಟ. ಕುರ್ಚಿಗೆ, ಕಂಪ್ಯೂಟರಿಗೆ ಇಲ್ಲದ ವಿನಾಯಿತಿ ಇದು. ಅನುದಾನಿತ ಕಾಲೇಜಿಗೆ ಈ ನಿಯಮಗಳು ನೇರವಾಗಿ ಅನ್ವಯಿಸದಿರಬಹುದು. ಆದರೂ ಲೆಕ್ಕದ ಕಟ್ಟುನಿಟ್ಟಿನ ಸರ್ಕಾರವೇ ಪುಸ್ತಕವನ್ನು ಬೇರೆಯಾಗಿ ನೋಡಿದೆ ಎಂದಮೇಲೆ, ನಾವು ಅದನ್ನು ಸೀಮೆಸುಣ್ಣದ ಪೆಟ್ಟಿಗೆಯಂತೆ ಕೊಟೇಷನ್ ಹಾಕಿಸಿ ಕೊಳ್ಳುವುದು ಏಕೆ?

ಫ್ರಾನ್ಸ್ ದೇಶ ಪುಸ್ತಕದ ಬೆಲೆಯ ಈ ಪೈಪೋಟಿಯ ಪ್ರಶ್ನೆಯನ್ನು ಕಾಯ್ದೆಯಿಂದಲೇ ಬಗೆಹರಿಸಿತು. 1981ರಲ್ಲಿ ಸಂಸ್ಕೃತಿ ಸಚಿವ ಜ್ಯಾಕ್ ಲಾಂಗ್ ತಂದ ಕಾಯ್ದೆಯ ಪ್ರಕಾರ ಪ್ರಕಾಶಕರು ನಿಗದಿ ಮಾಡಿದ ಬೆಲೆಯ ಮೇಲೆ ಬಿಡಿ ಗಿರಾಕಿಗೆ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಯಾರೂ ಕೊಡುವಂತಿಲ್ಲ. 2003ರಲ್ಲಿ ಗ್ರಂಥಾಲಯಗಳಿಗೆ ಶೇ. 9ರ ಮಿತಿ ಹಾಕಿದರು. ಪುಸ್ತಕವನ್ನು ಬಿಟ್ಟಿಯಾಗಿ ಮನೆಗೆ ತಲುಪಿಸುವ ಆನ್‌ಲೈನ್ ಅಂಗಡಿಯೆದುರು ಊರಿನ ಅಂಗಡಿ ಸೋಲುತ್ತದೆ ಎಂದು ಕಂಡಾಗ, 2023ರ ಅಕ್ಟೋಬರಿನಿಂದ 35 ಯೂರೊಗಿಂತ ಕಡಿಮೆಯ ಪುಸ್ತಕ ಖರೀದಿಗೆ ಕನಿಷ್ಠ 3 ಯೂರೊ ಸಾಗಣೆ ವೆಚ್ಚ ಕಡ್ಡಾಯವಾಯಿತು. ನಮ್ಮಲ್ಲೂ ಹಾಗೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಬೆಲೆ ಒಂದೇ ಆದ ಮೇಲೆ ಸ್ಪರ್ಧೆ ನಡೆಯುವುದು ಸೇವೆಯಲ್ಲಿ. ಗ್ರಂಥಾಲಯಕ್ಕೆ ಬೇಕಾದದ್ದು ಅದೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಇಂಗ್ಲಿಷ್ ಪಠ್ಯಪುಸ್ತಕ ಹೇಗೋ ಬಂದೇ ಬರುತ್ತದೆ. ಕನ್ನಡದ್ದು, ತುಳುವಿನದ್ದು?

ಕನ್ನಡ ವಿಭಾಗದವರು ಕೊಡುವ ಇಂಡೆಂಟಿನಲ್ಲಿ ಅರ್ಧಕ್ಕರ್ಧ ಹೆಸರುಗಳು ದೊಡ್ಡ ಆನ್‌ಲೈನ್ ಅಂಗಡಿಯ ಹುಡುಕಾಟದಲ್ಲಿ ಸಿಗದೆ ಹೋದ ದಿನಗಳು ನನಗೆ ಬೇಕಾದಷ್ಟಿವೆ. ಕಾರಣ ಸರಳ. ಐಎಸ್‌ಬಿಎನ್ ಎಂಬ ಗುರುತುಸಂಖ್ಯೆ ಇಲ್ಲದ ಪುಸ್ತಕ ಆ ಯಂತ್ರಕ್ಕೆ ಪುಸ್ತಕವೇ ಅಲ್ಲ. ನಮ್ಮಲ್ಲಿ ಲೇಖಕರೇ ಪ್ರಕಾಶಕರು. ಐನೂರು ಪ್ರತಿ ಅಚ್ಚು ಹಾಕಿಸಿ ಮನೆಯ ಅಟ್ಟದಲ್ಲಿ ಇಟ್ಟುಕೊಂಡವರು. ಯಕ್ಷಗಾನ ಪ್ರಸಂಗ, ಪಾಡ್ದನ ಸಂಗ್ರಹ, ಊರಿನ ಬಸದಿಯ ಚರಿತ್ರೆ, ಒಂದು ಗುತ್ತುಮನೆಯ ಕಥೆ ಇವೆಲ್ಲ ಹೀಗೇ ಹುಟ್ಟಿದ ಪುಸ್ತಕಗಳು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ಈ ಜಿಲ್ಲೆಯ ಪ್ರತಿ ಕಾಲೇಜಿನಲ್ಲೂ ಇರಬೇಕಾದ ಕೃತಿ. ಅದು ಬೇಕು ಎಂದು ತಿಳಿದಿರಬೇಕಾದವನು ಗ್ರಂಥಪಾಲ. ಇದನ್ನು ಕೊಂಡವರು ಅದನ್ನೂ ಕೊಂಡಿದ್ದಾರೆ ಎಂದು ತೋರಿಸುವ ಪರದೆ ಅದನ್ನು ಹೇಳಿಕೊಡುವುದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗದ ಪುಸ್ತಕ, ಅಕಾಡೆಮಿಗಳ ಪುಸ್ತಕ ಬೇಕಾದರೆ ಪತ್ರ ಬರೆದು, ಫೋನು ಮಾಡಿ, ಕೆಲವೊಮ್ಮೆ ಹೋಗಿಯೇ ತರಬೇಕು.

ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಮೂಡುಬಿದಿರೆ ಇದೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಜೈನ ಸಿದ್ಧಾಂತ ಗ್ರಂಥದ ಮೇಲಿನ ಧವಲಾ ಟೀಕೆಯ ತಾಳೆಗರಿಗಳು ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಭಕ್ತರು ದೂರದಿಂದ ಕಂಡು ಕೈಮುಗಿದು ಹೋಗುತ್ತಿದ್ದ ಆ ಗ್ರಂಥ ನಕಲಾಗಿ, 1939ರಿಂದ ಅಚ್ಚಿನಲ್ಲಿ ಹೊರಬರತೊಡಗಿದ ಮೇಲೆ ಲೋಕದ ವಿದ್ವಾಂಸರೆಲ್ಲ ಓದುವಂತಾಯಿತು. ಕಾಪಾಡಿದವರು ಒಬ್ಬರು, ನಕಲು ಮಾಡಿದವರು ಒಬ್ಬರು, ಅಚ್ಚು ಹಾಕಿಸಿದವರು ಒಬ್ಬರು. ಒಂದು ಪುಸ್ತಕ ಓದುಗನನ್ನು ಮುಟ್ಟಲು ಇಷ್ಟು ಕೈಗಳು ಬೇಕಾದವು. ಆ ಸಾಲಿನಲ್ಲಿ ಇವತ್ತು ಕಾಲೇಜು ಗ್ರಂಥಾಲಯವೂ ಒಂದು ಕೈ.

ಸಣ್ಣ ಪ್ರಕಾಶಕರನ್ನು ನಾವು ಎಲ್ಲಿ ಸೋಲಿಸುತ್ತಿದ್ದೇವೆ ಎಂದು ಹೇಳಿಬಿಡುತ್ತೇನೆ, ಕಚೇರಿಯವರು ಬೇಸರ ಮಾಡಬಾರದು. ನಾನೂರು ರೂಪಾಯಿಯ ಬಿಲ್ಲಿಗೆ ಜಿಎಸ್‌ಟಿ ನಂಬರು ಎಲ್ಲಿ ಎಂದು ಕೇಳುತ್ತೇವೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ನಂಬರಿಲ್ಲ ಎಂದು ಬಿಲ್ಲು ತಿರುಗಿಸುವುದು ಕಾನೂನೂ ಅಲ್ಲ, ನ್ಯಾಯವೂ ಅಲ್ಲ. ಆನ್‌ಲೈನ್ ಅಂಗಡಿಗೆ ಪುಸ್ತಕ ನೋಡುವ ಮೊದಲೇ ಪೂರ್ತಿ ಹಣ ಕಟ್ಟುವ ನಾವು, ಎಪ್ಪತ್ತು ವರ್ಷದ ಲೇಖಕರೊಬ್ಬರು ಬಸ್ಸಿನಲ್ಲಿ ಹೊತ್ತು ತಂದುಕೊಟ್ಟ ಎರಡು ಪ್ರತಿಗಳ ಹಣವನ್ನು ಎಂಟು ತಿಂಗಳು ಇಟ್ಟುಕೊಳ್ಳುತ್ತೇವೆ. ಇದನ್ನು ನಾನು ಕಂಡಿದ್ದೇನೆ. ಅವರು ಹಣ ಕೇಳಲು ಬಂದು, ಕೇಳಲಾರದೆ, ಅದೂ ಇದೂ ಮಾತಾಡಿ ಹೋದದ್ದನ್ನೂ ಕಂಡಿದ್ದೇನೆ.

ಅಂಚೆಯ ಕಡೆಯಿಂದಲೂ ಸಣ್ಣ ಪ್ರಕಾಶಕರಿಗೆ ಪೆಟ್ಟು ಬಿತ್ತು. ಅಗ್ಗದ ದರದ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಪ್ರಕಾಶಕರು ದನಿ ಎತ್ತಿದರು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಆರಂಭಿಸಿತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಕೊರಿಯರಿಗಿಂತ ಇದು ಎಷ್ಟೋ ಮೇಲು. ಗ್ರಂಥಾಲಯಗಳು ಆದೇಶ ಬರೆಯುವಾಗಲೇ, ಜ್ಞಾನ ಪೋಸ್ಟಿನಲ್ಲಿ ಕಳಿಸಿ, ವೆಚ್ಚ ನಾವು ಕೊಡುತ್ತೇವೆ ಎಂಬ ಒಂದು ಸಾಲು ಸೇರಿಸಿದರೆ ಸಾಕು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟು. ತುರ್ತಿಗೆ, ಒಂಟಿ ಪ್ರತಿಗೆ, ಎಲ್ಲೂ ಸಿಗದ ಹಳೆಯ ಪುಸ್ತಕಕ್ಕೆ ಆನ್‌ಲೈನ್ ಅಂಗಡಿಗೆ ಹೋಗಿ. ಅದಕ್ಕೆ ಸಂಸ್ಥೆಯ ಹೆಸರಿನಲ್ಲೇ ಖಾತೆ, ಸಂಸ್ಥೆಯ ಕಾರ್ಡು, ವರ್ಷಕ್ಕೆ ಇಷ್ಟು ಎಂಬ ಮಿತಿ ಇರಲಿ. ಅದಕ್ಕೆ ಸಮಿತಿ ಮೊದಲೇ ಒಪ್ಪಿಗೆ ಕೊಟ್ಟಿರಲಿ. ಯಾವ ಗ್ರಂಥಪಾಲರೂ ಸ್ವಂತ ಜೇಬಿನಿಂದ ಕಾಲೇಜಿನ ಪುಸ್ತಕ ಕೊಳ್ಳುವಂತಾಗಬಾರದು. ಮಾರಾಟಗಾರರ ಹೆಸರು ನೋಡಿ, ಪ್ರಕಾಶಕರದೇ ಮಳಿಗೆ ಇದ್ದರೆ ಅಲ್ಲೇ ಕೊಳ್ಳಿ. ಪೊಟ್ಟಣ ಬಂದ ದಿನ ಒಬ್ಬರು ಕುಳಿತು ಪುಟ ಎಣಿಸಲಿ, ಆಮೇಲೆ ಮುದ್ರೆ. ವರ್ಷದ ದೊಡ್ಡ ಖರೀದಿಯನ್ನು ಮಾತ್ರ ಪುಸ್ತಕ ತಂದು ತೋರಿಸುವ, ಬೇಡವಾದದ್ದನ್ನು ಒಯ್ಯುವ ವ್ಯಾಪಾರಿಗೇ ಕೊಡಿ. ಅವರ ರಿಯಾಯಿತಿ ಕಡಿಮೆ ಎಂದು ಹಿಂಜರಿಯಬೇಡಿ. ಕನ್ನಡ ಮತ್ತು ತುಳು ಪುಸ್ತಕಕ್ಕೆ ಬಜೆಟ್ಟಿನಲ್ಲಿ ಬೇರೆಯೇ ತಲೆಬರಹ ಇರಲಿ, ಉಳಿದದ್ದರಲ್ಲಿ ನೋಡೋಣ ಎಂಬ ಮಾತು ಬೇಡ. ಊರಿನ ಲೇಖಕರೂ ಒಂದು ಕೆಲಸ ಮಾಡಬೇಕು. ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ಅಚ್ಚಿಗೆ ಕೊಡುವ ಮೊದಲು ಅರ್ಜಿ ಹಾಕಿ. ಅರ್ಜಿ ತುಂಬಲು ಬಾರದಿದ್ದರೆ ಹತ್ತಿರದ ಕಾಲೇಜಿನ ಗ್ರಂಥಪಾಲರ ಬಳಿ ಹೋಗಿ. ಅವರು ಇಲ್ಲ ಎನ್ನಲಾರರು.

ಅಧ್ಯಾಪಕರಲ್ಲಿ ಒಂದು ಬೇಡಿಕೆ. ಇಂಡೆಂಟಿನಲ್ಲಿ ಬರೀ ಹೆಸರು ಬರೆದು ಕಳಿಸಬೇಡಿ. ಆವೃತ್ತಿ, ವರ್ಷ, ಪ್ರಕಾಶಕರು, ಯಾವ ತರಗತಿಗೆ, ಏಕೆ ಎಂದು ಎರಡು ಸಾಲು ಬರೆಯಿರಿ. ಆ ಎರಡು ಸಾಲು ಬರೆಯಲು ಆಗದ ಪುಸ್ತಕವನ್ನು ಯಾವ ಬೆಲೆಗೂ ಕೊಳ್ಳಬೇಕಾಗಿಲ್ಲ.

ಆಡಳಿತ ಮಂಡಳಿಯವರು ಈ ಸಭೆಯಲ್ಲಿದ್ದೀರಿ. ನಾಳೆ ಬೆಳಿಗ್ಗೆ ಕಚೇರಿ ತೆರೆದಾಗ ಗ್ರಂಥಾಲಯದ ಬಾಕಿ ಬಿಲ್ಲುಗಳ ಕಡತವನ್ನು ಒಮ್ಮೆ ತರಿಸಿ ನೋಡಿ. ಅದರಲ್ಲಿ ಸಾವಿರ ರೂಪಾಯಿಗಿಂತ ಕಡಿಮೆಯ ಬಿಲ್ಲುಗಳು ಇದ್ದರೆ, ಅವು ಬಹುಮಟ್ಟಿಗೆ ಕನ್ನಡ, ತುಳು ಲೇಖಕರದ್ದೇ ಆಗಿರುತ್ತವೆ. ದಯವಿಟ್ಟು ಅವನ್ನು ಈ ವಾರವೇ ಪಾವತಿ ಮಾಡಿ.